ಇ ಪಕ್ಕದಲ್ಲಿ ಎ ಬಂದರೆ

ಹೋದ ವಾರ ಮೆಟ್ರೋದಲ್ಲಿ ನನ್ನ ಬಾಯಿಂದ ಆಡಬಾರದ ಮಾತೊಂದು ಬಂದುಬಿಟ್ಟಿತು. ಇಂದಿರಾನಗರದಲ್ಲಿ ಹತ್ತಿ ಕೆ.ಆರ್. ಪುರದ ಕಚೇರಿಗೆ ಹೋಗುವುದು ನನ್ನ ದಿನದ ಪಾಡು. ಪಕ್ಕದಲ್ಲಿ ಕೂತಿದ್ದ ಹುಡುಗಿ ಮೊಬೈಲಿನಲ್ಲಿ ಐದಕ್ಷರದ ಇಂಗ್ಲಿಷ್ ಪದ ಕಂಡುಹಿಡಿಯುವ ಆಟ ಆಡುತ್ತಿದ್ದಳು. ಬೇರೆಯವರ ಮೊಬೈಲಿಗೆ ಇಣುಕಬಾರದು ಅಂತ ನನಗೂ ಗೊತ್ತು. ಆದರೆ ಅಕ್ಷರ ಕಂಡರೆ ನನ್ನ ಕಣ್ಣು ನನ್ನ ಮಾತು ಕೇಳುವುದಿಲ್ಲ. ಎರಡನೇ ಮನೆಯಲ್ಲಿ ಇ, ಮೂರನೇದರಲ್ಲಿ ಎ, ಕೊನೆಯಲ್ಲಿ ಎಚ್. ಉಳಿದೆರಡು ಖಾಲಿ. ಹುಡುಗಿ ಉಗುರು ಕಚ್ಚುತ್ತಿದ್ದಳು. ಬೈಯಪ್ಪನಹಳ್ಳಿ ದಾಟುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. “ಡೆತ್ ಹಾಕಿ ನೋಡಮ್ಮ” ಅಂದುಬಿಟ್ಟೆ.

ಅವಳು ನನ್ನ ಮುಖ ನೋಡಿದಳು, ಮಡಿಲಲ್ಲಿದ್ದ ಊಟದ ಬ್ಯಾಗು ನೋಡಿದಳು. “ಅಯ್ಯೋ ಆಂಟಿ, ಬೆಳಿಗ್ಗೆ ಬೆಳಿಗ್ಗೆನೇ?” ಅಂತ ನಕ್ಕಳು.

ಪದ ಅದಾಗಿರಲಿಲ್ಲ. ಬೀಚ್ ಆಗಿತ್ತು. ಸಮುದ್ರದ ದಡ. ಅದೇ ಇ, ಅದೇ ಎ. ಅವಳು ಸಮುದ್ರದ ದಡಕ್ಕೆ ಹೋದಳು, ನಾನು ಸ್ಮಶಾನಕ್ಕೆ ಹೋದೆ.

ಇದರಲ್ಲಿ ನನ್ನ ತಪ್ಪೇನೂ ಇಲ್ಲ ಸ್ವಾಮಿ. ಇಂಗ್ಲಿಷಿನ ಇ ಪಕ್ಕದಲ್ಲಿ ಎ ನಿಂತಿದ್ದು ಕಂಡರೆ ನನಗೆ ಮೊದಲು ನೆನಪಾಗುವವರು ಸತ್ತವರೇ. ನನ್ನಪ್ಪ ಸಮಾಧಿ ಕಲ್ಲಿನ ಮೇಲೆ ಅಕ್ಷರ ಕೆತ್ತುತ್ತಿದ್ದ. ಹಲಸೂರಿನ ಆಚೆ, ಕ್ರಿಶ್ಚಿಯನ್ನರ ಸ್ಮಶಾನದ ಗೇಟಿಗೆ ಎದುರಾಗಿ ಒಂದು ಶೀಟಿನ ಅಂಗಡಿ. ಅದರ ಹಿಂದೆಯೇ ಎರಡು ಕೋಣೆಯ ನಮ್ಮ ಮನೆ. ತಾತ ಕೋಲಾರದ ಕಡೆಯಿಂದ ಕಲ್ಲು ಒಡೆಯಲು ಬಂದವನು. ಅಪ್ಪ ಅವನಿಗಿಂತ ಒಂದು ಮೆಟ್ಟಿಲು ಮೇಲೆ ಹತ್ತಿ ಅಕ್ಷರಕ್ಕೆ ಬಂದ. ನಾನು ಇನ್ನೊಂದು ಮೆಟ್ಟಿಲು ಹತ್ತಿ ಅರ್ಥಕ್ಕೆ ಬಂದೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ಹೇಳದೆ ನಾನು ಯಾವ ಮಾತನ್ನೂ ಮುಗಿಸುವವಳಲ್ಲ. ಗ್ಯಾಸ್ ಕನೆಕ್ಷನ್ನಿನ ಅರ್ಜಿಯಲ್ಲಿ ಹೆಸರಿನ ಮುಂದೆ ಬಿ.ಎ. ಅಂತ ಬರೆದಾಗ ಆ ಏಜೆನ್ಸಿಯವನು, ಸಿಲಿಂಡರಿಗೆ ಇದು ಬೇಕಾಗಲ್ಲ ಮೇಡಂ ಅಂದಿದ್ದ. ಬೇಡದಿದ್ದರೂ ಇರಲಿ ಅಂದೆ.

ಅಪ್ಪ ಇಪ್ಪತ್ತಾರು ಅಕ್ಷರವನ್ನೂ ಕೆತ್ತುತ್ತಿದ್ದ, ಒಂದನ್ನೂ ಓದುತ್ತಿರಲಿಲ್ಲ. ಎಲ್ಲಕ್ಕೂ ಅವನದೇ ಹೆಸರುಗಳಿದ್ದವು. ಇ ಅಂದರೆ ಬಾಚಣಿಗೆ, ಎ ಅಂದರೆ ಏಣಿ, ಎಸ್ ಅಂದರೆ ಹಾವು, ಓ ಅಂದರೆ ಬಳೆ. ಗಿರಾಕಿ ಕೊಟ್ಟ ಕಾಗದಕ್ಕೆ ಮ್ಯಾಟರ್ ಅನ್ನುತ್ತಿದ್ದರು. ಅದನ್ನು ನೋಡಿಕೊಂಡು ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಗೀಚುವುದು. ಆಮೇಲೆ ಪದದಿಂದ ಪದಕ್ಕೆ ಹೋಗುತ್ತಿದ್ದ ಅಂದುಕೊಳ್ಳಬೇಡಿ. ಮೊದಲು ಇಡೀ ಕಲ್ಲಿನ ಬಾಚಣಿಗೆಗಳನ್ನೆಲ್ಲ ಮುಗಿಸುವುದು, ಆಮೇಲೆ ಏಣಿಗಳು, ಕೊನೆಗೆ ಬಳೆಗಳು. ಕೈ ಒಂದು ಓರೆಗೆ ಕೂತಾಗ ಅದೇ ಓರೆಯ ಕೆಲಸ ಮುಗಿಸಿಬಿಡಬೇಕು ಅನ್ನುತ್ತಿದ್ದ. ಹೀಗಾಗಿ ಮಧ್ಯಾಹ್ನದ ಹೊತ್ತಿಗೆ ಸತ್ತವರ ಹೆಸರು ಅಲ್ಲೊಂದು ಹಲ್ಲು, ಇಲ್ಲೊಂದು ಹಲ್ಲು ಬಂದ ಕೂಸಿನ ಬಾಯಿಯ ಹಾಗೆ ಕಾಣುತ್ತಿತ್ತು.

ಅಕ್ಷರಗಳಲ್ಲಿ ಅಪ್ಪನಿಗೆ ತಲೆನೋವಿನದು ಏಣಿ. ಅದು ಮೇಲೆ ಚೂಪು, ಕೆಳಗೆ ಅಗಲ. ಬಾಚಣಿಗೆ ಪಕ್ಕದಲ್ಲಿ ಅದನ್ನು ಅಳತೆ ಪ್ರಕಾರ ನಿಲ್ಲಿಸಿದರೆ ಮೇಲ್ಗಡೆ ಖಾಲಿ ಬಿಟ್ಟ ಹಾಗೆ ಕಾಣುತ್ತದೆ, ಪದ ಹರಿದ ಹಾಗೆ. ಅದಕ್ಕೇ ಒಂದು ನೂಲಿನಷ್ಟು ಒತ್ತಿ ಕೂರಿಸಬೇಕು. ಎಷ್ಟು ಒತ್ತಬೇಕು ಅನ್ನುವುದನ್ನು ನೆನಪಿಟ್ಟುಕೊಳ್ಳಲು ಅಪ್ಪ ಒಂದು ಲಾಂಗ್ ನೋಟ್‌ಬುಕ್ ಮಾಡಿ ಅಂಗಡಿಯ ಮೊಳೆಗೆ ನೇತುಹಾಕಿದ್ದ. ಜೋಡಿಗೊಂದು ಪುಟ. ಬಾಚಣಿಗೆ-ಏಣಿಯ ಪುಟ, ಬಳೆ-ಕವಣೆಯ ಪುಟ. ಕವಣೆ ಅಂದರೆ ವಿ. ಆ ಜೋಡಿ ಬರುವ ಪದ ಸಿಕ್ಕಾಗಲೆಲ್ಲ ಆ ಪುಟದಲ್ಲಿ ಒಂದು ಸಾಲು. ಅಪ್ಪನಿಗೆ ಅದು ಕೆಲಸದ ಪುಸ್ತಕ. ನನಗೆ ಅದೇ ಇಂಗ್ಲಿಷ್ ಪುಸ್ತಕವಾಯಿತು.

ಆದದ್ದು ಹೀಗೆ. ನಾನು ಐದನೇ ಕ್ಲಾಸಿನಲ್ಲಿದ್ದೆ. ಅಪ್ಪ ಒಂದು ಸಣ್ಣ ಕಲ್ಲು ಮುಂದಿಟ್ಟುಕೊಂಡು ಸಿಳ್ಳೆ ಹಾಕುತ್ತಾ ಕೆತ್ತುತ್ತಿದ್ದ. ರೇಡಿಯೋ ಜೋರಾಗಿತ್ತು. ಕಲ್ಲು ಕೊಟ್ಟಿದ್ದ ಗಂಡ ಹೆಂಡತಿ ಬಂದರು. ಹೆಂಡತಿ ಬಂದವಳೇ ಮರಳಿನ ಗುಡ್ಡೆಯ ಮೇಲೆ ಕೂತು, ಇನ್ನೂ ಅರ್ಧ ಆಗಿದ್ದ ಅಕ್ಷರಗಳ ಮೇಲೆ ಅಂಗೈ ಇಟ್ಟಳು. ತೆಗೆಯಲಿಲ್ಲ. ಅಪ್ಪನ ಸಿಳ್ಳೆ ನಿಂತಿತು. ಅವರು ಹೋದ ಮೇಲೆ ನನ್ನನ್ನು ಕರೆದು, “ಏನ್ ಬರ್ದವ್ರೆ ನೋಡು ಅಮ್ಮಣ್ಣೀ” ಅಂದ. ನನಗೆ ಓದಲು ಬಂದದ್ದು ಕಾಗದದ ಕೆಳಗಿನ ಸಾಲು ಮಾತ್ರ, ಅಪ್ಪ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಹುಟ್ಟಿದ ವರ್ಷ, ಸತ್ತ ವರ್ಷ ಎರಡೂ ಒಂದೇ ಇತ್ತು.

ಅಪ್ಪ ರೇಡಿಯೋ ಆರಿಸಿದ. ಅವತ್ತು ಮತ್ತೆ ಉಳಿ ಮುಟ್ಟಲಿಲ್ಲ. ಸಂಜೆ ಅಮ್ಮನ ಹತ್ತಿರ, ಮಗೀದು ಅಂತ ಗೊತ್ತಿದ್ರೆ ಸಿಳ್ಳೆ ಹಾಕ್ತಿದ್ನಾ ಅಂತ ಎರಡೆರಡು ಸಲ ಕೇಳಿದ.

ಮಾರನೆಯ ದಿನದಿಂದ ಅಂಗಡಿಗೆ ಹೊಸ ಪದ್ಧತಿ ಬಂತು. ಮ್ಯಾಟರ್ ಬಂದರೆ ನಾನು ಸ್ಕೂಲಿನಿಂದ ಬರುವ ತನಕ ಕಲ್ಲಿಗೆ ಕೈ ಹಾಕುವ ಹಾಗಿಲ್ಲ. ನಾನು ಬಂದು, ಕಲ್ಲಿನ ಮುಂದೆ ನಿಂತು, ಮೊದಲು ಪದ ಜೋರಾಗಿ ಓದಬೇಕು, ಆಮೇಲೆ ಕನ್ನಡದಲ್ಲಿ ಅರ್ಥ ಹೇಳಬೇಕು. ಪೂರ್ತಿ ಕೇಳಿದ ಮೇಲೆ ಅಪ್ಪ ಚಪ್ಪಲಿ ಬಿಟ್ಟು, ಕೈ ತೊಳೆದು, ಉಳಿಯನ್ನು ಹಣೆಗೆ ಮುಟ್ಟಿಸಿ ಕೂರುತ್ತಿದ್ದ. ಹೆಸರಿನ ಸಾಲು ಮುಗಿಯುವ ತನಕ ರೇಡಿಯೋ ಇಲ್ಲ. ಕಲ್ಲಿನ ಅಂಗಡಿಗಳು ಆ ಸಾಲಿನಲ್ಲಿ ಇನ್ನೂ ನಾಲ್ಕಿದ್ದವು. ಅವರೆಲ್ಲ ಅಪ್ಪನಿಗೆ ತಮಾಷೆ ಮಾಡುತ್ತಿದ್ದರು: ಏನಣ್ಣಾ, ಮಗಳು ಸ್ಕೂಲಿಂದ ಬರೋ ತನಕ ಸತ್ತೋರು ಕಾಯ್ತಾವ್ರಾ ಅಂತ. ಅಪ್ಪ, ಅವ್ರಿಗೇನ್ ಅರ್ಜೆಂಟು ಅನ್ನುತ್ತಿದ್ದ.

ಆದರೆ ಐದನೇ ಕ್ಲಾಸಿನವಳಿಗೆ ಅರ್ಥ ಹೇಳಿಕೊಡುವವರು ಯಾರು? ಪಕ್ಕದ ಗಲ್ಲಿಯಲ್ಲಿ ರಿಟೈರಾದ ಒಬ್ಬರು ಟೀಚರಿದ್ದರು. ಮದುವೆ ಆಗಿರಲಿಲ್ಲ, ಒಬ್ಬರೇ ಇದ್ದರು. ತಮಿಳು ಮನೆಮಾತಿನ ಕ್ರಿಶ್ಚಿಯನ್ನರು. ಊರೆಲ್ಲಾ ಅವರನ್ನು ಬೇಬಿ ಮಿಸ್ ಅನ್ನುತ್ತಿತ್ತು. ಎಪ್ಪತ್ತು ವರ್ಷದ ಹೆಂಗಸನ್ನು ಬೇಬಿ ಅನ್ನುವುದು ನಮ್ಮ ಕಡೆ ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಅವರ ನಿಜವಾದ ಹೆಸರು ಏನು ಅಂತ ಯಾರೂ ಕೇಳಿರಲೂ ಇಲ್ಲ. ಅಪ್ಪ ಒಬ್ಬ ಮಾತ್ರ ಬೇಬಿ ಅನ್ನಲು ಬಾಯಿ ಬಾರದೆ ‘ಟೀಚರಮ್ಮ’ ಅನ್ನುತ್ತಿದ್ದ. ಅವರು ಗಲ್ಲಿಯಲ್ಲಿ ಬಂದರೆ ಎದ್ದು ನಿಲ್ಲುತ್ತಿದ್ದ, ಕೈಯಲ್ಲಿ ಸುತ್ತಿಗೆ ಇದ್ದರೂ.

ನಾನು ಕಾಗದ ಹಿಡಿದು ಅವರ ಮನೆಗೆ ಓಡುವುದು, ಅವರು ಅರ್ಥ ಹೇಳುವುದು, ನಾನು ಓಡಿ ಬಂದು ಅಪ್ಪನಿಗೆ ಹೇಳಿ, ನೋಟ್‌ಬುಕ್ಕಿನ ಸರಿಯಾದ ಪುಟದಲ್ಲಿ ಬರೆಯುವುದು. ಬಾಚಣಿಗೆ-ಏಣಿಯ ಪುಟ ಬೇಗ ತುಂಬಿತು. ಪೀಸ್, ನೆಮ್ಮದಿ. ಹೆವನ್, ಸ್ವರ್ಗ. ಡಿಯರ್, ತುಂಬಾ ಬೇಕಾದವರು. ಹಾರ್ಟ್, ಎದೆ. ಅರ್ತ್, ಮಣ್ಣು. ಟಿಯರ್ಸ್, ಕಣ್ಣೀರು. ಡೆತ್, ಸಾವು. ಒಂದೇ ಜೋಡಿ ಒಂದು ಕಡೆ ‘ಈ’ ಅನ್ನುತ್ತದೆ, ಇನ್ನೊಂದು ಕಡೆ ‘ಎ’ ಅನ್ನುತ್ತದೆ, ಮತ್ತೊಂದು ಕಡೆ ‘ಆ’ ಅನ್ನುತ್ತದೆ. ಅಪ್ಪನಿಗೆ ಇದು ಸೋಜಿಗ. ಗಂಡ ಹೆಂಡ್ತಿ ಅವ್ರೇನೇ, ಒಂದೊಂದು ಮನೇಲಿ ಒಂದೊಂದು ಥರ ಮಾತಾಡ್ತಾವ್ರಲ್ಲ ಅನ್ನುತ್ತಿದ್ದ. ಹಾರ್ಟಿಗೂ ಅರ್ತಿಗೂ ಅವವೇ ಐದು ಅಕ್ಷರ ಅನ್ನುವುದನ್ನು ಕಂಡುಹಿಡಿದವನೂ ಅವನೇ, ಓದಲು ಬಾರದವನು. ಎದೇನೂ ಅದೇ ಸಾಮಾನು, ಮಣ್ಣೂ ಅದೇ ಸಾಮಾನು ಅಂದ.

ಇದರಿಂದ ನನ್ನ ಇಂಗ್ಲಿಷ್ ಹೇಗಾಯಿತು ಅಂದರೆ, ಏಳನೇ ಕ್ಲಾಸಿನಲ್ಲಿ ‘ನನ್ನ ಗೆಳತಿ’ ಅಂತ ಹತ್ತು ಸಾಲು ಬರೆಯಲು ಹೇಳಿದರು. ನನ್ನ ಗೆಳತಿ ಶಿವಾಜಿನಗರದ ಶಬಾನಾ. ನನಗೆ ಗೊತ್ತಿದ್ದ ಒಳ್ಳೊಳ್ಳೆ ಪದಗಳನ್ನೆಲ್ಲ ಹಾಕಿದೆ. ಪ್ರೀತಿಯ ನೆನಪಿನ ಶಬಾನಾ ಎರಡನೇ ಬೆಂಚಿನಲ್ಲಿ ನೆಮ್ಮದಿಯಾಗಿ ವಿಶ್ರಮಿಸುತ್ತಿದ್ದಾಳೆ, ಅವಳ ಅಗಲಿಕೆಯಿಂದ ನೊಂದಿರುವ ತಂದೆ ತಾಯಿ ಮತ್ತು ಅಣ್ಣಂದಿರು. ಮೇಷ್ಟ್ರು ಅದನ್ನು ಕ್ಲಾಸಿನಲ್ಲಿ ಜೋರಾಗಿ ಓದಿದರು. ಶಬಾನಾ ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ಬಂದು, “ಸಾಯಿಸಿದ್ದು ಸಾಯಿಸ್ದೆ, ಕಲ್ಲಾದ್ರೂ ಚೆನ್ನಾಗಿರೋದು ಹಾಕ್ಸೇ” ಅಂದಳು.

ನಾನು ಅಂಗಡಿಯ ನೋಟ್‌ಬುಕ್ ಹಿಡಿದು ಅಳುತ್ತಾ ಬೇಬಿ ಮಿಸ್ ಹತ್ತಿರ ಹೋದೆ. ಅವರು ನಗಲಿಲ್ಲ. ಟೀ ಕಾಸಿದರು, ಬ್ರೆಡ್ಡಿಗೆ ಬೆಣ್ಣೆ ಸವರಿದರು. ನೋಟ್‌ಬುಕ್ ತೆಗೆದುಕೊಂಡು, “ಇದೆಲ್ಲಾ ಸತ್ತೋರ ಮಾತು ಮ್ಮಾ. ಬದುಕಿರೋರ ಮಾತೂ ನಾಲ್ಕು ಬೇಕು” ಅಂತ ಅದೇ ಪುಟದಲ್ಲಿ ತಮ್ಮ ಗುಂಡು ಗುಂಡು ಅಕ್ಷರದಲ್ಲಿ ಬರೆದುಕೊಟ್ಟರು. ಟೀ. ಬ್ರೆಡ್. ಈಟ್, ತಿನ್ನು. ಲೀಫ್, ಎಲೆ. ವೀಟ್, ಗೋಧಿ. ಎಲ್ಲದರಲ್ಲೂ ಅದೇ ಜೋಡಿ ಇತ್ತು. ನನ್ನ ಕೈಯಲ್ಲಿದ್ದ ಲೋಟದಲ್ಲೂ ಇತ್ತು, ತಟ್ಟೆಯಲ್ಲೂ ಇತ್ತು. ಅಪ್ಪನಿಗೆ ತೋರಿಸಿದರೆ ಅವನು ಆ ಪದಗಳನ್ನು ತುಂಬಾ ಹೊತ್ತು ನೋಡಿ, ಈ ಮಾತ್ನ ಯಾರೂ ಕೆತ್ತಿಸ್ಕೊಳ್ಳಲ್ಲ ಅಲ್ವಾ ಅಂದ.

ಇಷ್ಟು ಬರೆಯುವಷ್ಟರಲ್ಲಿ ಕೈ ಸುಸ್ತಾಯಿತು ಅಂತ ಎದ್ದು ಒಂದು ಲೋಟ ಟೀ ಮಾಡಿಕೊಂಡು ಬಂದೆ. ಸುಸ್ತಾದದ್ದು ಕೈಯಲ್ಲ. ಮುಂದಿನದು ಬರೆಯಲು ಮನಸ್ಸಿಲ್ಲ.

ಕಾಲೇಜಿಗೆ ಹೋಗಲು ಶುರು ಮಾಡಿದ ಮೇಲೆ ನನಗೆ ಬಿಡುವು ಕಡಿಮೆಯಾಯಿತು. ಬಿಡುವು ಅಂದರೆ ಅರ್ಧ ಸುಳ್ಳು. ಅದೇ ಅದೇ ಪದಗಳು ನನಗೆ ಬೇಸರವಾಗಿದ್ದವು. ನಾನಾಗ ಐಚ್ಛಿಕ ಇಂಗ್ಲಿಷ್ ಓದುತ್ತಿದ್ದೆ, ದೊಡ್ಡ ದೊಡ್ಡ ಪದಗಳು ಗೊತ್ತಿದ್ದವು. ಅಪ್ಪ ಕಾಗದ ಹಿಡಿದು ಬಂದರೆ ಮೊದಲ ಸಾಲು ನೋಡಿ, ಹೆಂಗಸಿನದು, ವಯಸ್ಸಾಗಿತ್ತು, ಮಕ್ಕಳು ಹಾಕಿಸಿದ್ದಾರೆ, ಇಷ್ಟು ಹೇಳಿ ಮುಗಿಸುತ್ತಿದ್ದೆ. ಅಪ್ಪನಿಗೆ ಗೊತ್ತಾಗುತ್ತಿತ್ತು. ಇಷ್ಟುದ್ದ ಬರ್ದವ್ರೆ, ಇಷ್ಟೇನಾ ಅನ್ನುತ್ತಿದ್ದ. ಇಷ್ಟೇ ಅಪ್ಪಾ ಅನ್ನುತ್ತಿದ್ದೆ.

ಬೇಬಿ ಮಿಸ್ ಅಷ್ಟರಲ್ಲಿ ಗಲ್ಲಿ ಬಿಟ್ಟು ಹೋಗಿದ್ದರು. ಕಾಲು ಬಿದ್ದುಹೋಗಿತ್ತು. ಕಮ್ಮನಹಳ್ಳಿಯ ಕಡೆ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಗೆ ಸೇರಿಸಿದರು ಅಂತ ಕೇಳಿದ್ದೆವು. ಹೋಗಿ ನೋಡಿಕೊಂಡು ಬರಬೇಕು ಅಂತ ಅಪ್ಪ ಹೇಳುತ್ತಿದ್ದ. ಪರೀಕ್ಷೆ ಮುಗಿಯಲಿ ಅಂತ ನಾನು ಹೇಳುತ್ತಿದ್ದೆ. ಪರೀಕ್ಷೆ ಮುಗಿದರೆ ಇನ್ನೊಂದು ಪರೀಕ್ಷೆ ಇರುತ್ತಿತ್ತು.

ಕೊನೆಯ ವರ್ಷದ ಪರೀಕ್ಷೆ, ಇಂಗ್ಲಿಷ್ ಪೇಪರಿನ ದಿನ. ನಾನು ಹೊಸ್ತಿಲಲ್ಲಿ ನಿಂತು ಒಂದು ಕೈಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ನೋಟ್ಸ್ ಓದುತ್ತಿದ್ದೆ. ಅಪ್ಪ ಕಾಗದ ತಂದ. ಮದ್ರಾಸಿನಿಂದ ಯಾರೋ ಬಂದು ಕೊಟ್ಟುಹೋಗಿದ್ದಾರೆ, ಅವರ ಸೋದರತ್ತೆಯದಂತೆ, ತೀರಿಹೋಗಿ ವರ್ಷ ಆಗ್ತಾ ಇದೆಯಂತೆ, ವರ್ಷದ ಪೂಜೆಗೆ ಕಲ್ಲು ನಿಲ್ಲಿಸಬೇಕಂತೆ, ನಾಲ್ಕೇ ದಿನ ಇರೋದು ಅಂದ. ನಾನು ಕಾಗದ ಕೈಗೆ ತೆಗೆದುಕೊಳ್ಳಲಿಲ್ಲ. ಅವನ ಕೈಯಲ್ಲೇ ಮೇಲಿನ ಸಾಲು ನೋಡಿದೆ. ಪ್ರೀತಿಯ ನೆನಪಿನಲ್ಲಿ ಅಂತಿತ್ತು.

“ಎಲ್ಲಾ ಮಾಮೂಲೇ ಅಪ್ಪಾ. ಕೆತ್ಕೋ” ಅಂದೆ. ಬಸ್ಸಿಗೆ ಓಡಿದೆ. ಅವತ್ತಿನ ಪೇಪರಿನಲ್ಲಿ ಇಪ್ಪತ್ತು ಪದಗಳಿಗೆ ಅರ್ಥ ಕೇಳಿದ್ದರು. ಇಪ್ಪತ್ತಕ್ಕೂ ಸರಿಯಾಗಿ ಬರೆದೆ.

ಮಾಮೂಲಿ ಅಂದ ಮೇಲೆ ಅಪ್ಪ ಮಾಮೂಲಿನ ಹಾಗೆ ಕೆತ್ತಿದ. ಆಗ ಕ್ರಿಕೆಟ್ ನಡೆಯುತ್ತಿತ್ತು, ರೇಡಿಯೋ ಹಾಕಿಕೊಂಡಿದ್ದ. ಚಪ್ಪಲಿ ಬಿಟ್ಟಿರಲಿಲ್ಲ. ಬಿಳಿ ಮಾರ್ಬಲ್ಲು, ಕೆಲಸದ ನಡುವೆ ಟೀ ಗ್ಲಾಸು ಅದರ ಮೇಲೇ ಇಟ್ಟಿದ್ದ, ಒಂದು ಮೂಲೆಯಲ್ಲಿ ಉಂಗುರದ ಗುರುತು ಬಿತ್ತು. ತಿಕ್ಕಿದರೂ ಪೂರ್ತಿ ಹೋಗಲಿಲ್ಲ.

ನಾಲ್ಕನೇ ದಿನ ಕಲ್ಲು ನಿಲ್ಲಿಸಲು ಹೋದ. ನಾನು ಮನೆಯಲ್ಲಿದ್ದೆ. ಬೇಗ ಬಂದ. ಕೈಯ ಸಿಮೆಂಟು ತೊಳೆಯಲಿಲ್ಲ. ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತುಕೊಂಡ. ಅಮ್ಮ ನೀರು ತಂದುಕೊಟ್ಟಳು, ಕುಡಿಯಲಿಲ್ಲ. ಫೋಟೋ ತಂದು ಇಟ್ಟಿದ್ದರಂತೆ, ಹೂವಿನ ಹಾರ ಹಾಕಿ. ಅದನ್ನು ನೋಡಿದ ಮೇಲೇ ಗೊತ್ತಾದದ್ದು.

“ಅದು ನಮ್ ಟೀಚರಮ್ಮಂದು ಕಣಮ್ಮಾ” ಅಂದ. ಕೈಗೆ ಮೆತ್ತಿದ್ದ ಸಿಮೆಂಟು ಕೆರೆಯುತ್ತಾ, “ಅದ್ರ ಮೇಲೆ ಟೀ ಗ್ಲಾಸು ಇಟ್ಟಿದ್ದೆ” ಅಂದ.

ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ಜವಾಬು ಕೊಡುತ್ತಿದ್ದೆ: ಕಾಗದದಲ್ಲಿ ಅವರ ಪೂರ್ತಿ ಹೆಸರು ಇತ್ತು, ಅದು ನನಗೂ ಗೊತ್ತಿರಲಿಲ್ಲ, ಓದಿದ್ದರೂ ತಿಳಿಯುತ್ತಿರಲಿಲ್ಲ ಅಂತ. ಈ ಜವಾಬನ್ನು ಎಷ್ಟೋ ವರ್ಷ ಸಿದ್ಧ ಇಟ್ಟುಕೊಂಡಿದ್ದೆ. ಅಪ್ಪ ಕೇಳಲೇ ಇಲ್ಲ.

ಆಮೇಲೆ ಅವನು ನನ್ನ ಹತ್ತಿರ ಕಾಗದ ತರುವುದು ನಿಂತುಹೋಯಿತು. ಮೊದಮೊದಲು ನನಗೆ ಗೊತ್ತಾಗಲಿಲ್ಲ, ರಜೆ ಅಂತ ನಿದ್ದೆ ಮಾಡುತ್ತಿದ್ದೆ. ಗೊತ್ತಾದ ದಿನ ನಾನೇ ಅಂಗಡಿಗೆ ಹೋದೆ. ಅಪ್ಪ ಕಪ್ಪು ಕಲ್ಲಿನ ಮೇಲೆ ಬಗ್ಗಿದ್ದ. ಪೇಪರ್ ಕೊಡಪ್ಪಾ, ಓದ್ತೀನಿ ಅಂದೆ.

“ಬೇಡ ಅಮ್ಮಣ್ಣೀ. ಎಲ್ಲಾ ಮಾಮೂಲೇ” ಅಂದ.

ಚುಚ್ಚಿ ಹೇಳಲಿಲ್ಲ ಅವನು. ಅಷ್ಟು ನನಗೆ ಗೊತ್ತು. ನನಗೆ ತೊಂದರೆ ಬೇಡ ಅಂತ, ನಾನೇ ಕೊಟ್ಟಿದ್ದ ಮಾತನ್ನು ಮೆತ್ತಗೆ ವಾಪಸ್ಸು ಇಟ್ಟ. ಆ ಬೇಸಿಗೆಯಲ್ಲಿ ಡಿಗ್ರಿ ಬಂತು. ಗೋಣಿಯಲ್ಲಿ ಸುತ್ತಿ ಒಂದು ಕಲ್ಲು ತಂದುಕೊಟ್ಟ. ನನ್ನ ಹೆಸರು, ಮುಂದೆ ಬಿ.ಎ.; ಹೆಸರಿಗಿಂತ ಬಿ.ಎ. ದೊಡ್ಡದು. ಈಗಲೂ ಹೊಸ ತಿಪ್ಪಸಂದ್ರದ ನಮ್ಮ ಮನೆಯ ಗೋಡೆಯಲ್ಲಿದೆ, ಕೊರಿಯರ್‌ನವರು ಅದನ್ನು ಓದಿ ನಗುತ್ತಾರೆ. ಅವತ್ತು ನಾನು ಕಾದೆ. ಬಿ.ಎ. ಅಂದರೆ ಏನು ಅಂತ ಅಪ್ಪ ಕೇಳುತ್ತಾನೆ, ಹೇಳೋಣ ಅಂತ. ಅವನು ಧೂಳು ಒರೆಸಿ, ಎಲ್ಲಿ ಹಾಕಣಾ ಅಂತ ಮಾತ್ರ ಕೇಳಿದ.

ಅಪ್ಪ ಹೋಗಿ ಎರಡು ವರ್ಷವಾಯಿತು. ನನ್ನ ಮೇಲೆ ಕಲ್ಲು ಇಡಬೇಡಿ, ಬದುಕಿದ್ದಾಗ ಹೊತ್ತಿದ್ದು ಸಾಕು ಅಂದಿದ್ದ, ಇಡಲಿಲ್ಲ. ಹೋದ ತಿಂಗಳು ಅಂಗಡಿ ಖಾಲಿ ಮಾಡಿದ ತಮ್ಮ ಒಂದು ಚೀಲ ತಂದು ನಮ್ಮ ಮನೆಯಲ್ಲಿಟ್ಟ. ಆರು ಉಳಿ, ಎರಡು ಸುತ್ತಿಗೆ, ಆ ನೋಟ್‌ಬುಕ್ಕು. ಮೆಟ್ರೋದ ಹುಡುಗಿಯ ಮುಂದೆ ‘ಡೆತ್’ ಅಂದ ದಿನ ಸಂಜೆ ಅದನ್ನು ಬಿಚ್ಚಿದೆ, ಎಷ್ಟೋ ವರ್ಷದ ಮೇಲೆ.

ಬಾಚಣಿಗೆ-ಏಣಿಯ ಪುಟದಲ್ಲಿ ನನ್ನ ಐದನೇ ಕ್ಲಾಸಿನ ಅಕ್ಷರ ಇತ್ತು, ಕಾಲೇಜಿನ ಸೊಟ್ಟ ಅಕ್ಷರ ಇತ್ತು, ನಡುವೆ ಮಿಸ್ ಬರೆದ ಟೀ, ಬ್ರೆಡ್ಡು. ಅದರ ಕೆಳಗೆ ನಾನು ಬರೆಯದ ಸಾಲುಗಳಿದ್ದವು. ಕಲ್ಲಿನ ಮೇಲೆ ಗೀಚುವ ದಪ್ಪ ಪೆನ್ಸಿಲಿನಲ್ಲಿ ದೊಡ್ಡಕ್ಷರಗಳು. ಬರೆದದ್ದಲ್ಲ, ಚಿತ್ರ ಬಿಡಿಸಿದ್ದು. ಒಂದೊಂದಕ್ಕೂ, ಕಲ್ಲಿನ ಅಕ್ಷರಕ್ಕೆ ಇರುವ ಹಾಗೆ, ಕೆಳಗೆ ಪಾದ, ಮೇಲೆ ತಲೆ. ಅಪ್ಪನ ಕೈ. ಹೊಸ ಪದ ಬಂದಾಗಲೆಲ್ಲ ಕಾಗದ ನೋಡಿ ಇಳಿಸಿಕೊಂಡಿದ್ದಾನೆ. ಎಡಗಡೆ ಪದ. ಬಲಗಡೆ, ಅರ್ಥ ಬರೆಯುವ ಜಾಗ, ಗೆರೆ ಹಾಕಿ ಖಾಲಿ ಬಿಟ್ಟಿದ್ದಾನೆ. ಹದಿಮೂರು ಪದ. ಯಾರ ಹತ್ತಿರವೂ ಕೇಳಿಲ್ಲ.

ಪೆನ್ನು ತೆಗೆದುಕೊಂಡು ಕೆಳಗಿನಿಂದ ಶುರು ಮಾಡಿದೆ. ಡ್ರೀಮ್, ಕನಸು. ಪರ್ಲ್, ಮುತ್ತು. ನಿಯರ್, ಹತ್ತಿರ. ಹೀಗೆ ಹನ್ನೆರಡು ತುಂಬಿಸಿ ಮೇಲಕ್ಕೆ ಬಂದೆ. ಮೊದಲನೆಯದರ ಹತ್ತಿರ ಪೆನ್ನು ನಿಂತಿತು. ಆ ಪದ ನೋಡಿದ ಕೂಡಲೇ, ಅಪ್ಪ ಅದನ್ನು ಯಾವ ಕಾಗದದಿಂದ ಇಳಿಸಿಕೊಂಡಿರಬೇಕು ಅಂತ ಅನುಮಾನ ಬಂತು. ಅನುಮಾನ ಇಟ್ಟುಕೊಂಡು ಅರ್ಥ ಬರೆಯಲಾಗಲಿಲ್ಲ.

ಭಾನುವಾರ ಸ್ಮಶಾನಕ್ಕೆ ಹೋದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಮಿಸ್ ಸಮಾಧಿಗೆ ಹೋಗಿರಲಿಲ್ಲ. ಗೇಟಿನವರು ಹೆಸರು ಕೇಳಿದರು, ಬೇಬಿ ಮಿಸ್ ಅಂದೆ. ಆ ಹೆಸರಿನವರು ಯಾರೂ ಇಲ್ಲ ಅಂದರು. ಹುಡುಕಿದೆ. ಹೆಸರು ನೋಡುತ್ತಾ ಹೋಗಲಿಲ್ಲ, ಅಪ್ಪನ ಏಣಿಗಳನ್ನು ನೋಡುತ್ತಾ ಹೋದೆ. ಗೋಡೆಯ ಪಕ್ಕ ಬಿಳಿ ಕಲ್ಲು ಸಿಕ್ಕಿತು. ಮೂಲೆಯಲ್ಲಿ ಗ್ಲಾಸಿನ ಉಂಗುರ ಇರಲಿಲ್ಲ, ಎಷ್ಟೊಂದು ಮಳೆ ಬಿದ್ದಿದೆ. ಮೇಲೆ ಪ್ರೀತಿಯ ನೆನಪಿನಲ್ಲಿ ಅಂತ. ಕೆಳಗೆ ನನಗೆ ಗೊತ್ತಿಲ್ಲದ ಒಂದು ಉದ್ದ ಹೆಸರು. ಅದರ ಕೆಳಗೆ, ಒಂದು ಇಡೀ ಸಾಲಿನಲ್ಲಿ ಒಂದೇ ಒಂದು ಪದ. ಅದೇ, ಪುಟದ ಮೊದಲನೆಯದು. ಅದರ ಬಾಚಣಿಗೆಯನ್ನೂ ಏಣಿಯನ್ನೂ ಅಪ್ಪ ಒಂದು ನೂಲಿನಷ್ಟು ಒತ್ತಿ, ಎಷ್ಟು ಚೆನ್ನಾಗಿ ಕೂರಿಸಿದ್ದ.

ಚಪ್ಪಲಿ ಬಿಟ್ಟೆ. ಮೊದಲು ಪದ ಓದಬೇಕು, ಆಮೇಲೆ ಅರ್ಥ. ಅದೇ ನಮ್ಮ ಪದ್ಧತಿ. ಕಲ್ಲಿನ ಮುಂದೆ ನಿಂತು ಜೋರಾಗಿ ಓದಿದೆ.

ಟೀಚರ್.

ಅರ್ಥ ಹೇಳಬೇಕಾಗಿ ಬರಲಿಲ್ಲ. ಅವತ್ತೂ ಬರುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತು ಈ ಒಂದು ಪದ ಓದಿದ್ದರೆ ಸಾಕಾಗಿತ್ತು; ಯಾವ ಟೀಚರಮ್ಮ ಅಂತ ಅಪ್ಪ ತಾನೇ ಕೇಳುತ್ತಿದ್ದ.